ಕರಿಗಲ್ಲಿನ ಮೇಲೊಂದು ಸೈಕಲ್ ಪಾಠ

ಮೂವತ್ತು ವರ್ಷಗಳಿಂದ ಮಕ್ಕಳಿಗೆ ಜಡತ್ವದ ನಿಯಮವನ್ನು ಹೇಳುತ್ತ ಬಂದಿದ್ದೇನೆ. ಅದು ನನಗೇ ಸರಿಯಾಗಿ ತಿಳಿದದ್ದು 2025ರ ಮೇ ತಿಂಗಳಲ್ಲಿ, ಅಮೆರಿಕದ ಒರೆಗಾನ್ ರಾಜ್ಯದ ಕಾಡೊಂದರಲ್ಲಿ ಸೈಕಲ್ಲಿನ ಹ್ಯಾಂಡಲ್ ದಾಟಿ ಜರಿಗಿಡಗಳ ನಡುವೆ ಬಿದ್ದಾಗ.

ಬೇಸಿಗೆ ರಜೆಯಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. “ಅಪ್ಪಾ, ಮೆಕೆಂಜಿ ನದಿ ದಂಡಿಗುಂಟ ಸೈಕಲ್ ಹೊಡ್ಯೂಣು ಬರ್ರಿ” ಎಂದಳು. ಹಳೆಯ ಅಟ್ಲಾಸ್ ಸೈಕಲ್ಲಿನಲ್ಲಿ ಹತ್ತಾರು ವರ್ಷ ಶಾಲೆಗೆ ಓಡಾಡಿದವನು ನಾನು. ನದಿಯ ದಂಡೆ ಎಂದರೆ ಸಪಾಟು ದಾರಿ ಇದ್ದೀತೆಂದು ಒಪ್ಪಿಕೊಂಡೆ. ಆ ಕಾಲುದಾರಿ ಒಟ್ಟು ಸುಮಾರು 42 ಕಿ.ಮೀ. ಉದ್ದವಿದೆ. ಆಕೆ ಆರಿಸಿದ್ದು ಮೇಲಿನ ಭಾಗವನ್ನು ಮಾತ್ರ. ಅದೇ ಎಲ್ಲಕ್ಕಿಂತ ಕಠಿಣವಾದ ಭಾಗವೆಂದು ತಿಳಿಯುವಷ್ಟರಲ್ಲಿ ಅಳಿಯ ನಮ್ಮನ್ನಿಳಿಸಿ, ಕೆಳಗೆ ಕಾಯಲು ಕಾರು ತಿರುಗಿಸಿಕೊಂಡು ಹೋಗಿಯಾಗಿತ್ತು.

ಹೊರಟದ್ದು ಕ್ಲಿಯರ್ ಲೇಕ್ ಎಂಬ ಸರೋವರದಿಂದ. ಸುಮಾರು 3,000 ವರ್ಷಗಳ ಹಿಂದೆ ಅಲ್ಲಿಯ ಜ್ವಾಲಾಮುಖಿಗಳಿಂದ ಹರಿದ ಲಾವಾರಸ ನದಿಗೆ ಅಡ್ಡ ಬಿದ್ದು ಕಟ್ಟೆಯಾಯಿತು. ಹಿಂದೆ ನಿಂತ ನೀರು ಕಾಡನ್ನೇ ಮುಳುಗಿಸಿತು. ಅಂದು ಮುಳುಗಿದ ಮರಗಳ ಕಾಂಡಗಳು ಇಂದಿಗೂ ನೀರಿನೊಳಗೆ ನಿಂತಿವೆ. ಬುಗ್ಗೆಗಳಿಂದ ಬರುವ ನೀರು ಅಷ್ಟು ತಂಪು. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಅಲ್ಲಿ ಕೆಲಸ ಸಾಗದು. ಫ್ರಿಜ್ಜಿನಲ್ಲಿಟ್ಟ ತರಕಾರಿಯ ಸೂತ್ರವೇ ಅದು.

ದಾರಿಯಲ್ಲಿ ಚೂಪು ಚೂಪಾದ ಕರಿಗಲ್ಲುಗಳು. ಕೈಗೆತ್ತಿಕೊಂಡ ತುಣುಕಿನ ತುಂಬ ತೂತುಗಳು. ಲಾವಾ ಆರುವಾಗ ಒಳಗೆ ಸಿಕ್ಕಿಕೊಂಡ ಅನಿಲದ ಗುಳ್ಳೆಗಳ ಗುರುತು. ವಿಜಯಪುರದವನಾದ ನನಗೆ ಈ ಕಲ್ಲು ಅಪರಿಚಿತವಲ್ಲ. ಗೋಳಗುಮ್ಮಟ ಕಟ್ಟಿದ್ದು ಇದೇ ಜಾತಿಯ ಬಸಾಲ್ಟ್ ಶಿಲೆಯಿಂದ. ನಮ್ಮ ಲಾವಾ ಹರಿದು ಸುಮಾರು 6.6 ಕೋಟಿ ವರ್ಷಗಳಾದವು. ಅದು ಸವೆದು ಜೋಳ ಬೆಳೆಯುವ ಎರೆಮಣ್ಣಾಗಿದೆ. ಒರೆಗಾನ್‌ನದು ನಿನ್ನೆ ಮೊನ್ನೆಯದು. ಆದರೂ ಮಳೆ, ಹಿಮ ಹೆಚ್ಚಾದ್ದರಿಂದ ಕಲ್ಲಿನ ಸಂದಿಯಲ್ಲೇ ಪಾಚಿ, ಜರಿಗಿಡ ಬೆಳೆದು, ಅವುಗಳ ಮೇಲೆ ಡಗ್ಲಾಸ್ ಫರ್ ಮರಗಳು ಆಕಾಶಕ್ಕೆ ಎದ್ದಿವೆ.

ಸೈಕಲ್ಲೂ ನಮ್ಮದರಂತಲ್ಲ. ದಪ್ಪ ಟೈರು, ಅದರಲ್ಲಿ ಗಾಳಿ ಕಡಿಮೆ. ಏಕೆಂದು ಮೊದಲು ತಿಳಿಯಲಿಲ್ಲ. ಗಾಳಿ ಕಡಿಮೆಯಿದ್ದರೆ ಟೈರು ಕಲ್ಲಿನ ಏರಿಳಿವಿಗೆ ತಕ್ಕಂತೆ ಬಾಗಿ ಹೆಚ್ಚು ಜಾಗದಲ್ಲಿ ನೆಲವನ್ನು ಹಿಡಿಯುತ್ತದೆ, ಜಾರುವುದಿಲ್ಲ. ಇಳಿಜಾರಿನಲ್ಲಿ ಸೀಟನ್ನು ತಗ್ಗಿಸಿ, ಮೈಯನ್ನು ಹಿಂದಕ್ಕೆ ಒಯ್ಯಬೇಕು. ಗುರುತ್ವ ಕೇಂದ್ರ ಮುಂದಿನ ಗಾಲಿಯನ್ನು ದಾಟಬಾರದು, ಅಷ್ಟೇ. ಮಗಳು ಇದನ್ನೆಲ್ಲ ಹೇಳಿದಾಗ, ‘ವಿಜ್ಞಾನದ ಮಾಸ್ತರನಿಗೇ ಪಾಠವೇ’ ಎಂದುಕೊಂಡು ತಲೆಯಾಡಿಸಿದ್ದೆ.

ಸಹಾಲಿ, ಕೂಸಾ ಎಂಬ ಎರಡು ಜಲಪಾತಗಳನ್ನು ದಾಟುವವರೆಗೆ ಎಲ್ಲ ಸುಸೂತ್ರ. ಮುಂದೆ ಲಾವಾದ ಮೆಟ್ಟಿಲಿನಂಥ ಇಳಿಜಾರು ಬಂತು. “ಅಪ್ಪಾ, ಗಾಲಿ ನೋಡಬ್ಯಾಡ್ರಿ, ದಾರಿ ನೋಡ್ರಿ!” ಎಂದು ಕೂಗಿದಳು. ನಾನು ಗಾಲಿಯನ್ನೇ ನೋಡಿದೆ. ಹೆದರಿ ಮುಂದಿನ ಬ್ರೇಕ್ ಹಿಡಿದೆ. ಗಾಲಿ ನಿಂತಿತು, ನಾನು ನಿಲ್ಲಲಿಲ್ಲ.

ಹೆಲ್ಮೆಟ್ ತಲೆ ಉಳಿಸಿತು. ಮೊಣಕಾಲು ಸುಲಿದು ರಕ್ತ ಬಂತು. ಮಗಳು ಗಾಬರಿಯಾಗದೆ ನೀರು ಹಾಕಿ ತೊಳೆದು, ಪಟ್ಟಿ ಕಟ್ಟಿದಳು. “ಎಲ್ಲಿ ಕಲ್ತಿ ಇಷ್ಟೆಲ್ಲ?” ಎಂದೆ. “ಇಲ್ಲೇ, ಬಿದ್ದು ಬಿದ್ದು. ನಮ್ಮೂರಾಗ ನೀವು ಎಲ್ಲಿ ಬೀಳಾಕ ಬಿಟ್ರಿ?” ಎಂದು ನಕ್ಕಳು.

ಆ ನಗೆ ನನಗೆ ಗಾಯಕ್ಕಿಂತ ಹೆಚ್ಚು ಉರಿಯಿತು. 2010ರಲ್ಲಿ ಆಕೆ ಎಂಟನೆಯ ತರಗತಿ. ಸರ್ಕಾರದ ಉಚಿತ ಸೈಕಲ್ ಆಕೆಗೂ ಬಂದಿತ್ತು. ಪಾಲಕರ ಸಭೆಯಲ್ಲಿ, “ಹೆಣ್ಣುಮಕ್ಕಳು ಧೈರ್ಯವಾಗಿ ಸೈಕಲ್ ಮೇಲೆ ಬರಲಿ” ಎಂದು ಭಾಷಣ ಮಾಡಿದವನು ನಾನೇ. ಮನೆಯಲ್ಲಿ ಮಾತ್ರ ಲಾರಿಗಳ ಭಯ ಹೇಳಿ, ಮೂರು ವರ್ಷ ಅವಳನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಒಯ್ದೆ. ಸೈಕಲ್ಲು ಹಿತ್ತಲಲ್ಲಿ ತುಕ್ಕು ಹಿಡಿದು ಗುಜರಿಗೆ ಹೋಯಿತು. ಅವಳು ಆಗ ಒಂದು ಮಾತೂ ಆಡಿರಲಿಲ್ಲ. ಮರೆತಿದ್ದಾಳೆಂದೇ ನಾನು ತಿಳಿದಿದ್ದೆ.

ಉಳಿದ ಕಲ್ಲುದಾರಿಯಲ್ಲಿ ಹೆಚ್ಚಿನಂಶ ಸೈಕಲ್ಲನ್ನು ತಳ್ಳಿಕೊಂಡೇ ನಡೆದೆ. ಅಲ್ಲಿ ಪಕ್ಕದಲ್ಲಿ ನದಿಯೇ ಇರಲಿಲ್ಲ, ಬರಿಯ ಒಣ ಪಾತ್ರ. 1960ರ ದಶಕದಲ್ಲಿ ಕಟ್ಟಿದ ಜಲವಿದ್ಯುತ್ ಯೋಜನೆಗೆ ಬಹಳಷ್ಟು ನೀರು ಸುರಂಗದ ಮೂಲಕ ಹೋಗುತ್ತದೆ. ಉಳಿದದ್ದು ಲಾವಾದ ಬಿರುಕುಗಳಲ್ಲಿ ಇಳಿದು ನೆಲದಡಿ ಹರಿಯುತ್ತದೆ. ಸುಮಾರು 5 ಕಿ.ಮೀ. ಆದಮೇಲೆ ಬ್ಲೂ ಪೂಲ್ ಎಂಬ ಮಡುವಿನಲ್ಲಿ ಸದ್ದಿಲ್ಲದೆ ಮೇಲೆ ಬರುತ್ತದೆ. ಬಂಡೆಯ ಮೇಲಿಂದ ಬಗ್ಗಿ ನೋಡಿದೆವು. ಅಂಥ ನೀಲಿಯನ್ನು ನಾನು ಪ್ರಯೋಗಾಲಯದ ಮೈಲುತುತ್ತದ ದ್ರಾವಣದಲ್ಲಿ ಮಾತ್ರ ಕಂಡಿದ್ದೆ. ಬಹಳ ಹೊತ್ತಿನ ಮೇಲೆ, “ಸೈಕಲ್ ವಿಷಯದಾಗ ನಾ ತಪ್ಪು ಮಾಡೀನವ್ವಾ” ಎಂದೆ. “ಲಾರಿ ಖರೇನ ಬರ್ತಿದ್ವು ಬಿಡ್ರಿ ಅಪ್ಪಾ” ಎಂದಳು. ಕೊನೆಯ ಭಾಗವನ್ನು ನಿಧಾನವಾಗಿ, ಅವಳ ಗಾಲಿಯ ಜಾಡಿನಲ್ಲೇ ಗಾಲಿಯಿಟ್ಟು ಇಳಿದೆ. ಮತ್ತೆ ಬೀಳಲಿಲ್ಲ.

ಶಾಲೆ ಶುರುವಾದ ಮೇಲೆ ತಾಯಿಯೊಬ್ಬರು ಬಂದು, ನಾಲ್ಕು ಕಿ.ಮೀ. ದೂರದ ಹಳ್ಳಿಯಿಂದ ಮಗಳನ್ನು ಸೈಕಲ್ ಮೇಲೆ ಕಳಿಸಬಹುದೇ ಎಂದು ಕೇಳಿದರು. ಈ ಸಲ ಭಾಷಣ ಮಾಡಲಿಲ್ಲ. ಎರಡೂ ಬ್ರೇಕ್ ಸರಿ ಇವೆಯೇ ನೋಡಿ. ಮುಂದಿನದನ್ನೊಂದೇ ಜೋರಾಗಿ ಹಿಡಿಯಬಾರದೆಂದು ಕಲಿಸಿ. ಮೊದಲ ನಾಲ್ಕು ದಿನ ಮನೆಯವರು ಯಾರಾದರೂ ಜೊತೆಗೆ ಬನ್ನಿ, ಐದನೆಯ ದಿನ ಅವಳೊಬ್ಬಳನ್ನೇ ಕಳಿಸಿ ಎಂದೆ. ಲಾರಿಗಳ ಭಯ ಅವರಿಗೂ ಇತ್ತು, ನನಗೂ ಇದೆ. ಹುಡುಗಿ ಈಗ ದಿನಾಲೂ ಬರುತ್ತಾಳೆ. ಪ್ರಾರ್ಥನೆಯ ಗಂಟೆಗೆ ಮುಂಚೆ ಆ ಸೈಕಲ್ಲು ಬೇವಿನ ಮರದಡಿ ನಿಂತಿದೆಯೇ ಎಂದು ನಾನು ದಿನಾಲೂ ನೋಡುತ್ತೇನೆ.