ಮನೆ ಖಾಲಿ ಇದೆ

ಬೆಳಗಿನ ಪತ್ರಿಕೆಯನ್ನು ನಾನು ಒಳಗಿನಿಂದ ಹೊರಕ್ಕೆ ಓದುವವನು. ಮುಖಪುಟದ ಮಂತ್ರಿಗಳು ಸ್ವಲ್ಪ ಕಾಯಲಿ. ಕಾಯಿಸಿ ಗೊತ್ತಿರುವವರಿಗೆ ಕಾದೂ ಗೊತ್ತಾಗಲಿ. ಒಳಪುಟದ ಮೂಲೆಯಲ್ಲಿ, ರಾಶಿಭವಿಷ್ಯದ ಪಕ್ಕದಲ್ಲಿ, ಕಪ್ಪು ಬಿಳಿ ಚೌಕಗಳ ಪುಟ್ಟ ಊರೊಂದಿದೆ. ಅಲ್ಲಿ ದಿನಾ ಬೆಳಗಾದರೆ ಮನೆಗಳು ಖಾಲಿ. ಪದಬಂಧದವರು ಚೌಕಕ್ಕೆ ಮನೆ ಎಂದೇ ಅನ್ನುವುದು. ಕಾಫಿ ಲೋಟ, ಮೋಟು ಪೆನ್ಸಿಲು, ನಾಲ್ಕು ಮಡಿಕೆಯ ಪತ್ರಿಕೆ ಹಿಡಿದು ಜಗಲಿಗೆ ಬಂದು ಕೂತರೆ ನಾನೊಬ್ಬ ಮನೆ ದಲ್ಲಾಳಿ. ಯಾವ ಅಕ್ಷರವನ್ನು ಯಾವ ಮನೆಗೆ ಕಳಿಸಲಿ ಎಂಬುದಷ್ಟೇ ಸಂಸಾರ.

ಇಪ್ಪತ್ತು ವರ್ಷದ ಈ ಚೌಕಚಟದಲ್ಲಿ ಏನಾದರೂ ಸುಧಾರಿಸಿದ್ದೀಯಾ ಎಂದು ಮೊನ್ನೆ ಮಗಳು ಫೋನಿನಲ್ಲಿ ಕೇಳಿದಳು. ಅವಳಿರುವುದು ನ್ಯೂಜೆರ್ಸಿಯಲ್ಲಿ, ಅವಳದು ವರ್ಡಲ್ ಪಂಥ. ಐದಕ್ಷರದ ಒಂದು ಪದ, ಊಹಿಸಲು ಆರು ಅವಕಾಶ, ದಿನಕ್ಕೊಂದೇ ಆಟ. ಜೋಶ್ ವಾರ್ಡಲ್ ಎಂಬಾತ ತನ್ನ ಸಂಗಾತಿಗೆಂದು ಹೆಣೆದದ್ದು 2021ರಲ್ಲಿ ಊರಿಗೆಲ್ಲ ಹಬ್ಬಿ, 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪಾಲಾಯಿತು. “ಸ್ವರಗಳು ಜಾಸ್ತಿ ಇರೋ ಪದದಿಂದ ಶುರು ಮಾಡಬೇಕಪ್ಪ, ಅದೇ ಗುಟ್ಟು” ಅಂದಳು.

ನನಗೆ ನಗು ಬಂತು. ಕನ್ನಡದ ಸ್ವರಗಳು ಮದುವೆಯೂಟದ ಹಿರಿಯರಿದ್ದ ಹಾಗೆ. ಕೂತರೆ ಪಂಕ್ತಿಯ ಮೊದಲ ಎಲೆಗೇ. ನಡುವೆ ನುಗ್ಗಬೇಕಾಗಿ ಬಂದರೆ ಯಾವುದೋ ವ್ಯಂಜನದ ಹೆಗಲೇರಿ, ಗುಡಿಸೋ ಕೊಂಬೋ ಆಗಿ ವೇಷ ಮರೆಸಿಕೊಂಡು ಬರುತ್ತವೆ. ಇನ್ನು ಣ, ಳ ಎಂಬ ಸಂಕೋಚದ ಪ್ರಾಣಿಗಳು ತಪ್ಪಿಯೂ ಮೊದಲ ಎಲೆಗೆ ಕೂರುವುದಿಲ್ಲ. ಅಡ್ಡಸಾಲಿನ ಬಾಲದಲ್ಲಿ ಳ ಬಂದು, ಅದೇ ಮನೆಯಿಂದ ಕೆಳಕ್ಕೊಂದು ಪದ ಹೊರಡಬೇಕಿದ್ದರೆ ಮುಗಿಯಿತು, ಅಡ್ಡಸಾಲೇ ತಪ್ಪು. ಇಷ್ಟು ಕಂಡುಕೊಳ್ಳಲು ನನಗೆ ಆರು ವರ್ಷ ಹಿಡಿಯಿತು. ಆ ಆರು ವರ್ಷವೂ ಳಕಾರದಿಂದ ಹೊರಡುವ ಪದವೊಂದು ಹಳಗನ್ನಡದ ಯಾವುದೋ ಅಟ್ಟದ ಮೇಲೆ ಇದ್ದೀತೆಂದು ನಂಬಿಕೊಂಡಿದ್ದೆ.

ಮಗಳ ಆಟದಲ್ಲಿ ಬಾಗಿಲು ತಟ್ಟುವವರು ಇಪ್ಪತ್ತಾರೇ ಜನ. ನಮ್ಮಲ್ಲಿ ಕ ಎಂದು ಊಹಿಸಿದರೂ ಸಾಲದು, ಕಾಗುಣಿತದ ಇಡೀ ಕುಟುಂಬ ಹೊಸ್ತಿಲಲ್ಲಿ ನಿಂತಿರುತ್ತದೆ. ಹಿಂದೆಯೇ ಒತ್ತಕ್ಷರದ ನೆಂಟರು. ಆದರೆ ನಮ್ಮ ಮನೆಗಳ ಔದಾರ್ಯವೂ ದೊಡ್ಡದು. ಸ್ತ್ರೀ ಇದ್ದಾಳಲ್ಲ, ಸಕಾರ ತಕಾರ ರೇಫ ಈತ್ವ ಎಲ್ಲವನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಒಂದೇ ಮನೆಯಲ್ಲಿ ಸಂಸಾರ ಹೂಡುತ್ತಾಳೆ. ಪುರುಷನಿಗೆ ಮೂರು ಮನೆ ಬೇಕು.

ಮೂರು ಮನೆ ಎಂದರೆ ತಾವರೆಯ ನೆನಪು. ಪದಬಂಧ ಹೆಣೆಯುವವರಿಗೆ ಈ ಹೂವಿನ ಮೇಲೆ ಎಂಥ ಮೋಹವೋ! ‘ನೀರಿನ ಮಗಳು (3)’ ಎಂಬ ಸುಳಿವು ಕಂಡರೆ ಹೊಸಬರು ನದಿ, ಮೀನು ಎಂದು ಅಲೆದಾಡುತ್ತಾರೆ. ನಾನು ಏನೂ ಯೋಚಿಸದೆ ಮೂರನೆಯ ಮನೆಯಲ್ಲೊಂದು ಜ ಕೂರಿಸಿ ಕಾಫಿ ಕುಡಿಯುತ್ತೇನೆ. ಜಲಜ, ವಾರಿಜ, ನೀರಜ, ಅಂಬುಜ: ಮಿಕ್ಕದ್ದು ಯಾರು ಬರುತ್ತಾರೋ ಬರಲಿ. ಜ ತೆಗೆದು ದ ಇಟ್ಟರೆ ಜಲದ, ವಾರಿದ, ಹೂವೇ ಮೋಡವಾಗಿ ಹಾರುತ್ತದೆ. ಧಿ ಇಟ್ಟರೆ ಜಲಧಿ, ವಾರಿಧಿ, ಕಡಲೇ ಬಂದು ಜಗಲಿ ತೋಯಿಸುತ್ತದೆ. ಹಿಂದಿನವರು ಅಮರಕೋಶ ಉರುಹೊಡೆದು ಗಳಿಸುತ್ತಿದ್ದ ಸಂಪತ್ತನ್ನು ನಾನು ಹೀಗೆ ಕೊನೆಯ ಅಕ್ಷರದ ಕಳ್ಳಕಿಂಡಿಯಿಂದ ಎಗರಿಸುತ್ತಿದ್ದೇನೆ. ಪಾಂಡಿತ್ಯವಲ್ಲ ಇದು, ಬಾಲಜ್ಞಾನ. ಪದದ ಬಾಲ ಹಿಡಿದು ಬಂದದ್ದು ಎಂಬ ಅರ್ಥದಲ್ಲಿ.

‘ಹಿಂದುಮುಂದಾಗಿದೆ’ ಎಂಬ ಸುಳಿವುಗಳದ್ದು ಇನ್ನೊಂದು ಸುಖ. ರವಿಯನ್ನು ತಿರುಗಿಸಿದರೆ ವಿರ. ಅರ್ಥ ಬೇಡ, ಮನೆ ತುಂಬಿದರೆ ಸಾಕು. ಕನಕ, ನಯನ, ಗದಗ ಮಾತ್ರ ಎಷ್ಟು ತಿರುಗಿಸಿದರೂ ಜಪ್ಪಯ್ಯ ಅನ್ನುವುದಿಲ್ಲ. ತೆನಾಲಿ ರಾಮಕೃಷ್ಣನ ವಿಕಟಕವಿಯಂತೂ ಸರಿಯೇ ಸರಿ. ಮಲಯಾಳಂ ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಕಡೆಯಿಂದಲೂ ಓದಿಸಿಕೊಳ್ಳುತ್ತದೆ. ನಮ್ಮ ಲಿಪಿಗೆ ಬಂದ ಕೂಡಲೇ ಬೆನ್ನು ತಿರುಗಿಸಲು ಒಪ್ಪುವುದಿಲ್ಲ. ಅಂದಹಾಗೆ ಈ ಆಟವೇ ಹಿಂದುಮುಂದಾದದ್ದು. ಲಿವರ್‌ಪೂಲಿನ ಆರ್ಥರ್ ವಿನ್ 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಗಾಳಿಪಟದ ಆಕಾರದಲ್ಲಿ ಇದನ್ನು ಮೊದಲು ಅಚ್ಚು ಹಾಕಿಸಿದಾಗ ಹೆಸರು ವರ್ಡ್-ಕ್ರಾಸ್. ಸ್ವಲ್ಪ ದಿನದಲ್ಲೇ ಪಲ್ಟಿ ಹೊಡೆದು ಕ್ರಾಸ್-ವರ್ಡ್ ಆಯಿತು.

ಇಷ್ಟೆಲ್ಲ ಗುಟ್ಟು ಗೊತ್ತಿದ್ದೂ ದಿನಕ್ಕೆರಡು ಮನೆ ಖಾಲಿ ಉಳಿಯುತ್ತವೆ. ಬೇಕಾದ ಪದ ಬಾಯಿಯ ತುದಿಗೆ ಬಂದು ಕೂತಿರುತ್ತದೆ, ಇಳಿಯುವುದಿಲ್ಲ. ಹತ್ತಿರದ ಪದಗಳೆಲ್ಲ ಬ್ಯಾಂಡು ಬಾರಿಸಿಕೊಂಡು ಎದುರಿಗೆ ಹಾಯುತ್ತವೆ, ವರನೊಬ್ಬನೇ ನಾಪತ್ತೆ. ಇದನ್ನು ನಾನು ಮರೆವಣಿಗೆ ಎಂದು ಕರೆಯುತ್ತೇನೆ. ಆಗ ಪತ್ರಿಕೆ ಮಗುಚಿಟ್ಟು ಸ್ನಾನಕ್ಕೆ ಹೋಗುವುದೇ ಸರಿ. ಎರಡನೆಯ ತಂಬಿಗೆ ಸುರಿದುಕೊಳ್ಳುವಾಗ ಪದ ತಾನಾಗಿ ಬರುತ್ತದೆ. ಒದ್ದೆ ಕೈ, ಪೆನ್ಸಿಲಿಲ್ಲ, ಬರೆದಿಟ್ಟುಕೊಳ್ಳುವ ಹಾಗಿಲ್ಲ. ಟವೆಲು ಸುತ್ತಿಕೊಂಡು ಜಗಲಿಗೆ ಓಡುವಷ್ಟರಲ್ಲಿ ಅರ್ಧ ಸಲ ಮತ್ತೆ ಮರೆತಿರುತ್ತದೆ.

ಅಮ್ಮನಿಗೆ ಇಂಥ ಪಡಿಪಾಟಲಿಲ್ಲ. ಎಂಬತ್ತೆರಡು ವಯಸ್ಸು, ಬಾಲ್‌ಪೆನ್ನಿನಲ್ಲೇ ಬರೆಯುತ್ತಾಳೆ. ನಾನು ಬಿಟ್ಟೆದ್ದ ಮನೆಗಳಿಗೆ ತೋಚಿದ ಅಕ್ಷರ ತುಂಬಿ ಕನ್ನಡಕ ತೆಗೆದಿಡುತ್ತಾಳೆ. ಅದು ಪದವೇ ಅಲ್ಲವಲ್ಲಮ್ಮ ಎಂದರೆ, “ಇರಲಿ ಬಿಡು, ದೀಪ ಹಚ್ಚದ ಮನೆ ನೋಡಕ್ಕಾಗಲ್ಲ. ನಾಳೆ ಉತ್ತರ ಬರತ್ತಲ್ಲ, ಅಲ್ಲೀವರೆಗೆ ಇದ್ದು ಹೋಗಲಿ” ಅನ್ನುತ್ತಾಳೆ. ಉತ್ತರಗಳನ್ನು ಅವಳು ಒಮ್ಮೆಯೂ ತೆಗೆದು ನೋಡಿದ್ದಿಲ್ಲ.

ನಿನ್ನೆಯ ಸುಳಿವು: ‘ಬೆಕ್ಕಿಗೆ ಎಟುಕದ ಬೆಣ್ಣೆಯ ತಾವು (3)’. ನಡುವೆ ಲು, ಕೊನೆಗೆ ವು ಆಗಲೇ ಬಂದು ಕೂತಿದ್ದವು. ತಾವು ಎಂದರೆ ನಿಲ್ಲುವ ಜಾಗ ತಾನೇ ಎಂದು ತರ್ಕ ಹೂಡಿ ‘ನಿಲುವು’ ಎಂದು ಒತ್ತಿ ಬರೆದೆ, ಎರಡು ಸಲ ತಿದ್ದಿ ದಪ್ಪ ಮಾಡಿದೆ. ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದ ಅಮ್ಮ ತಲೆಯೆತ್ತದೆ, “ನೆಲುವು ಕಣೋ. ನಮ್ಮಜ್ಜಿ ಮನೆಲಿ ಹಗ್ಗದ್ದು ಜಂತೆಗೆ ನೇತಾಡ್ತಿತ್ತು. ಬೆಣ್ಣೆ ಕದಿಯಕ್ಕೆ ನಾನೇ ಒರಳಿನ ಮೇಲೆ ಹತ್ತಿ ಬಿದ್ದಿದ್ದೆ” ಅಂದಳು. ಬಿದ್ದು ಮೊಣಕೈ ಊದಿದ್ದು, ಅಜ್ಜಿ ಬೈಯದೆ ಬೆಣ್ಣೆಯನ್ನೇ ಸವರಿದ್ದು, ಎಲ್ಲ ಬಂತು.

ಕೇಳುತ್ತ ಕೇಳುತ್ತ ಗುಡಿಸನ್ನು ಅಳಿಸಿದೆ. ಪೆನ್ಸಿಲಿನ ಹಿಂದಿನ ಮೋಟು ರಬ್ಬರು, ನನ್ನ ಕೈಯ ಜೋರು; ಮನೆಯೇ ಹರಿಯಿತು. ಮಡಿಕೆಯ ಅಡಿಯಲ್ಲಿ ಮುಖಪುಟವಿತ್ತು. ಹರಿದ ಕಿಂಡಿಯಿಂದ ಮಂತ್ರಿಯೊಬ್ಬರ ಕಿವಿ ಇಣುಕಿತು. ಅದರ ಮೇಲೆಯೇ ನೆ ಬರೆದೆ.