ಬಾದಾಮಿಯ ನೆರಳಿನ ಬಣ್ಣ

ಬಾದಾಮಿಗೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ನೋಡುವ ಕೆಲಸವನ್ನೆಲ್ಲ ಕ್ಯಾಮೆರಾಕ್ಕೇ ವಹಿಸಿಬಿಟ್ಟಿದ್ದೆ.

ಅದು 2016ರ ಡಿಸೆಂಬರ್ ತಿಂಗಳು. ಅಮ್ಮನನ್ನೂ ತಂಗಿಯನ್ನೂ ಕರೆದುಕೊಂಡು ಹೊರಟಿದ್ದೆ. ರೈಲು ನಿಲ್ದಾಣದಿಂದ ಊರಿಗೆ ಸುಮಾರು 5 ಕಿಲೋಮೀಟರು. ಆ ದಾರಿಯಲ್ಲಿಯೇ ಹತ್ತಿಪ್ಪತ್ತು ಚಿತ್ರಗಳನ್ನು ತೆಗೆದಿದ್ದೆನೆಂದ ಮೇಲೆ ಊರೊಳಗಿನ ನನ್ನ ಸಂಭ್ರಮವನ್ನು ಓದುಗರೇ ಊಹಿಸಿಕೊಳ್ಳಬಹುದು. “ಅದನ್ನು ಒಂದಿಷ್ಟು ಹೊತ್ತು ಕೆಳಗಿಡೋ. ದೇವರು ಕೊಟ್ಟ ಕಣ್ಣಿಗೂ ಸ್ವಲ್ಪ ಕೆಲಸ ಕೊಡು” ಎಂದು ಅಮ್ಮ ಎರಡು ಮೂರು ಬಾರಿ ಹೇಳಿದರು. ನಾನು ನಕ್ಕು ಮುಂದಿನ ಚಿತ್ರಕ್ಕೆ ಅಣಿಯಾದೆ.

ತಪ್ಪು ನನ್ನೊಬ್ಬನದೇ ಅಲ್ಲ. ಆ ಊರಿನ ಚೆಲುವೂ ಅಂಥದು. ದಕ್ಷಿಣಕ್ಕೊಂದು, ಉತ್ತರಕ್ಕೊಂದು ಕೆಂಪು ಮರಳುಗಲ್ಲಿನ ಬೆಟ್ಟ. ನಡುವೆ ಅಗಸ್ತ್ಯತೀರ್ಥದ ನಿಶ್ಚಲ ಜಲ. ಚಾಲುಕ್ಯರ ವಾತಾಪಿ ಇದೇ. ಒಂದನೆಯ ಪುಲಕೇಶಿಯು ಇಲ್ಲಿ ಕೋಟೆ ಕಟ್ಟಿಸಿದ ಸಂಗತಿಯನ್ನು 543ನೆಯ ಇಸವಿಯ ಬಂಡೆಯ ಶಾಸನ ಹೇಳುತ್ತದೆ. ದಕ್ಷಿಣದ ಬೆಟ್ಟದಲ್ಲಿ ಕೊರೆದ ನಾಲ್ಕು ಗುಹಾಲಯಗಳಲ್ಲಿ ಮೊದಲನೆಯದರ ಬಾಗಿಲಲ್ಲಿಯೇ ಹದಿನೆಂಟು ತೋಳುಗಳ ನಟರಾಜ ಕುಣಿಯುತ್ತಾನೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಅದರ ಶಾಸನ 578ನೆಯ ಇಸವಿಯದು, ಮಂಗಲೇಶನದು. ಕೆರೆಯ ಪೂರ್ವದ ತುದಿಯಲ್ಲಿ, ಪಶ್ಚಿಮಕ್ಕೆ ಮುಖಮಾಡಿ, ನೀರಿನ ಅಂಚಿನಲ್ಲಿಯೇ ಭೂತನಾಥನ ಗುಡಿ ನಿಂತಿದೆ.

ಆ ಗುಡಿಯ ಮೆಟ್ಟಿಲ ಮೇಲೆ ಅಮ್ಮ ದಣಿದು ಕುಳಿತಿದ್ದಾಗ ತೆಗೆದ ಒಂದು ಚಿತ್ರ ನನ್ನಲ್ಲಿದೆ. ಬೆಳಗಿನ ಹೊತ್ತು, ಸೂರ್ಯ ಗುಡಿಯ ಹಿಂದೆ. ನೀರು ಥಳಥಳಿಸುತ್ತಿದೆ, ಅಮ್ಮನ ಮುಖ ಮಾತ್ರ ಪೂರ್ತಿ ಕಪ್ಪು. ಕೆಟ್ಟ ಚಿತ್ರವೆಂದು ಆಗ ಬದಿಗೆ ಸರಿಸಿದ್ದೆ. ಮೂರು ವರ್ಷಗಳ ತರುವಾಯ ಅಮ್ಮ ತೀರಿಕೊಂಡರು. ನೂರಾರು ಚಿತ್ರಗಳನ್ನು ಹುಡುಕಿ ನೋಡಿದರೆ, ಬಾದಾಮಿಯಲ್ಲಿ ಅವರೊಬ್ಬರೇ ಇದ್ದ ಚಿತ್ರ ಅದೊಂದೇ! ಮಿಕ್ಕವೆಲ್ಲ ಕಂಬ, ಕಲ್ಲು, ಕೋತಿ.

ಅದನ್ನು ಕೈಯಾರೆ ಬರೆಯಬೇಕೆಂಬ ಹಂಬಲ ಹುಟ್ಟಿತು. ಶಾಲೆಯಲ್ಲಿ ಮಾವಿನ ಹಣ್ಣನ್ನೂ ಬಿಂದಿಗೆಯನ್ನೂ ಬರೆದ ಅನುಭವವಷ್ಟೇ ನನ್ನ ಬಂಡವಾಳ. ಚಿತ್ರವನ್ನು ಕಿಟಕಿಯ ಗಾಜಿಗೆ ಅಂಟಿಸಿ, ಅದರ ಮೇಲೆ ತೆಳುಕಾಗದವಿಟ್ಟು, ಕಂಡ ಗೆರೆಗಳನ್ನೆಲ್ಲ ಎಳೆದೆ. ಬಂಡೆಯ ಬಿರುಕು, ಕಲ್ಲಿನ ಸಂದು, ಒಂದನ್ನೂ ಬಿಡಲಿಲ್ಲ. ಫಲವಾಗಿ ದೊರೆತದ್ದು ಜಮೀನಿನ ನಕ್ಷೆಯಂಥದೊಂದು ವಸ್ತು! ಕಪ್ಪಾಗಿದ್ದ ಮುಖಕ್ಕೆ ನೆನಪಿನಿಂದ ಕಣ್ಣು ಮೂಗುಗಳನ್ನು ಬರೆದಾಗ ಅಲ್ಲಿ ಯಾರೋ ಅಪರಿಚಿತ ಹೆಂಗಸು ಬಂದು ಕುಳಿತರು. ಆಮೇಲೆ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ತೆರೆದು ನೋಡಿದೆ. ನರ್ತಿಸುವ ದೇಹವೊಂದನ್ನು ಅವರು ಕೆಲವೇ ಗೆರೆಗಳಲ್ಲಿ ಹಿಡಿಯುತ್ತಾರೆ. ನಾನೂ ಗುಡಿಯ ಸೂರು, ನೀರಿನ ಅಂಚು, ಅಮ್ಮನ ಬೆನ್ನು, ಒಂದಿಷ್ಟು ವಾಲಿದ ಕತ್ತು, ಇಷ್ಟನ್ನೇ ಉಳಿಸಿಕೊಂಡೆ. ಚಿತ್ರ ಮೊದಲ ಬಾರಿಗೆ ಉಸಿರಾಡಿತು.

ಇನ್ನು ನೆರಳು ಬೆಳಕು. ಕಣ್ಣನ್ನು ಅರ್ಧ ಮುಚ್ಚಿ ನೋಡಿದರೆ ಸಣ್ಣಪುಟ್ಟ ವಿವರಗಳು ಅಳಿಸಿಹೋಗುತ್ತವೆ; ದೊಡ್ಡ ನೆರಳುಗಳಷ್ಟೇ ಉಳಿಯುತ್ತವೆ. ಅವನ್ನು ಮೂರೇ ಮೆಟ್ಟಿಲುಗಳಾಗಿ ವಿಂಗಡಿಸಿದೆ: ಕಾಗದದ ಬಿಳುಪು, ನೀರು ಬೆರೆಸಿದ ಮಸಿ, ಗಟ್ಟಿ ಮಸಿ. ಗುಡಿಗೆ ಅದರ ಭಾರ ಬಂದಿತು, ಕೆರೆಗೆ ಹೊಳಪು ಬಂದಿತು. ಆದರೆ ಅಮ್ಮ ಆ ಗಟ್ಟಿ ಮಸಿಯೊಳಗೆ ಕರಗಿಹೋದರು.

ಬಣ್ಣದಲ್ಲಂತೂ ಪೂರ್ಣ ಸೋಲು. ಬಂಡೆಗೆ ಇಟ್ಟಿಗೆಯ ಕೆಂಪು, ನೆರಳಿಗೆ ಅದೇ ಕೆಂಪಿಗೆ ಕಪ್ಪು. ಅಡಿಗೆಮನೆಯ ಗೋಡೆಗೆ ಹೊಗೆ ಹಿಡಿದಂತೆ ಕಾಣುತ್ತಿತ್ತು. ಹೊಳೆಯುವ ನೀರಿಗೆ ಹೊಂದಿಕೊಂಡ ಕ್ಯಾಮೆರಾ ನೆರಳನ್ನೆಲ್ಲ ಕಪ್ಪೆಂದು ಬರೆದುಕೊಂಡಿತ್ತು. ಆ ನೆರಳಿನೊಳಗೆ ನಿಜವಾಗಿ ಯಾವ ಬಣ್ಣವಿತ್ತು? ಅದನ್ನು ಹೇಳಬೇಕಾಗಿದ್ದವನು ನಾನು. ನಾನಾದರೋ ಆ ಹೊತ್ತಿನಲ್ಲಿ ಗುಂಡಿ ಒತ್ತುತ್ತಿದ್ದೆ.

ಆದುದರಿಂದ ಕಳೆದ ಡಿಸೆಂಬರಿನಲ್ಲಿ ಮತ್ತೆ ಬಾದಾಮಿಗೆ ಹೋದೆ. ಬಣ್ಣದ ಪೆಟ್ಟಿಗೆಯೊಂದನ್ನು ಹಿಡಿದು, ಬೆಳಗ್ಗೆ ಅದೇ ಮೆಟ್ಟಿಲ ಬಳಿ ಕುಳಿತೆ. ಗುಡಿಯ ನೆರಳಿನಲ್ಲಿ ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ಅವಳ ಮುಖ ಕಪ್ಪಾಗಿರಲಿಲ್ಲ. ಉತ್ತರದ ಬೆಟ್ಟಕ್ಕೆ ಬಿಸಿಲು ಬಿದ್ದು ಬಂಡೆ ಕೆಂಡದಂತೆ ಬೆಳಗುತ್ತಿತ್ತು. ಆ ಕೆಂಪು ನೀರಿಗೆ ಇಳಿದು, ನೀರಿನಿಂದ ಮೇಲಕ್ಕೆ ಚಿಮ್ಮಿ, ಅವಳ ಕೆನ್ನೆಯ ಮೇಲೆ ತೆಳುವಾಗಿ ಆಡುತ್ತಿತ್ತು. ಗೋಡೆಯ ಮೂಲೆಯ ನೆರಳಿನಲ್ಲಿ ಆಕಾಶದ ನೀಲಿ ಬೆರೆತು ನೇರಳೆಯ ಛಾಯೆಯಿತ್ತು. ಹಾಗಾದರೆ ಅಮ್ಮನ ಮುಖದ ಮೇಲೂ ಈ ಬೆಳಕು ಆಡಿತ್ತು. ಮೂರು ಮಾರು ದೂರದಲ್ಲಿ ನಿಂತಿದ್ದ ನಾನು ಕಾಣದೆ ಹೋಗಿದ್ದೆ.

ಕಪ್ಪನ್ನು ಪೆಟ್ಟಿಗೆಯಲ್ಲಿಯೇ ಬಿಟ್ಟೆ. ಕಾವಿಗೆ ಒಂದು ಹನಿ ನೀಲಿ ಸೇರಿಸಿ ಗೋಡೆಯ ನೆರಳನ್ನು ಹರಡಿದೆ. ಮುಖಕ್ಕೆ ನೀರು ನೀರಾದ ಕಾವಿಯ ಒಂದು ಎಳೆತ; ಕಣ್ಣು ಮೂಗುಗಳ ಗೊಡವೆಗೆ ಹೋಗಲಿಲ್ಲ. ಸಂಜೆ ಇಳಿಬಿಸಿಲು ಗುಡಿಯ ಮುಂಭಾಗಕ್ಕೆ ನೇರವಾಗಿ ಬಿದ್ದು ಎಲ್ಲವೂ ಹೊನ್ನಾಯಿತು. ಸುತ್ತ ನಿಂತವರೆಲ್ಲ ಚಿತ್ರ ತೆಗೆಯುತ್ತಿದ್ದರು. ನಾನು ಸುಮ್ಮನೆ ನೋಡುತ್ತ ಕುಳಿತೆ.

ನಿಮ್ಮ ಮನೆಗಳಲ್ಲಿಯೂ ಪ್ರವಾಸದ ಚಿತ್ರಗಳು ರಾಶಿ ಬಿದ್ದಿರಬಹುದು. ಒಂದನ್ನಾದರೂ ಕೈಯಾರೆ ಬರೆದು ನೋಡಿರಿ. ಚಿತ್ರ ಚೆನ್ನಾಗಿ ಬರದಿದ್ದರೂ ಚಿಂತೆಯಿಲ್ಲ; ಅಂದು ಏನನ್ನು ನೋಡದೆ ಬಂದಿರೆಂಬುದು ತಿಳಿಯುತ್ತದೆ.

ಊರಿಗೆ ಮರಳಿದ ಮೇಲೆ ತಂಗಿಗೆ ನನ್ನ ಚಿತ್ರವನ್ನು ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, “ಅಣ್ಣ, ದಣಿದಾಗ ಅಮ್ಮ ಕತ್ತು ವಾಲಿಸಿ ಕೂರುತ್ತಿದ್ದದ್ದು ಹೀಗೇ ಅಲ್ಲವೇ?” ಎಂದಳು. ಕಣ್ಣು ಮೂಗು ಎಲ್ಲಿ ಎಂದು ಕೇಳಲಿಲ್ಲ.