ಹಡಗಿನ ಪಟ್ಟಿಯಲ್ಲಿ ಇಲ್ಲದವರು



ಐರ್ಲೆಂಡಿನ ಬರದ ಬಗ್ಗೆ ಓದ್ತಿದ್ದೆ. 1845ರಲ್ಲಿ ಆಲೂಗಡ್ಡೆಗೆ ರೋಗ ಬಿತ್ತು. ಮುಂದಿನ ಕೆಲವೇ ವರ್ಷದಾಗ ಸುಮಾರು ಹತ್ತು ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. ಆ ಹಡಗುಗಳಿಗೆ ‘ಶವಪೆಟ್ಟಿಗೆ ಹಡಗು’ ಅಂತಲೇ ಹೆಸರು ಬಿತ್ತು. 1847ರಲ್ಲಿ ಕೆನಡಾದ ಗ್ರೋಸ್ ಐಲ್ ಅನ್ನೋ ಒಂದು ದ್ವೀಪದಲ್ಲೇ ಐದು ಸಾವಿರಕ್ಕೂ ಹೆಚ್ಚು ಮಂದಿಯನ್ನ ಮಣ್ಣು ಮಾಡಿದರು. ಅತ್ತ ಐರ್ಲೆಂಡಿನ ಬಂದರಿನಿಂದ ಕಾಳು, ಬೆಣ್ಣೆ, ದನ ಇಂಗ್ಲೆಂಡಿಗೆ ಹೋಗೋದು ಮಾತ್ರ ನಿಲ್ಲಲಿಲ್ಲ.

ನಮ್ಮ ಕಡೆ ಇದೇ ಕಥೆ 1876-78ರಲ್ಲಿ ನಡೀತು. ಮಹಾಲಿಂಗಪುರ ಆಗ ಮುಧೋಳ ಸಂಸ್ಥಾನದಾಗಿತ್ತು, ಪಕ್ಕದಲ್ಲಿ ಬ್ರಿಟಿಷರ ಕಲಾದಗಿ ಜಿಲ್ಲೆ. 1872ರ ಗಣತಿಯಲ್ಲಿ ಆ ಜಿಲ್ಲೆಯ ಜನ ಸುಮಾರು 8.16 ಲಕ್ಷ. 1881ರಲ್ಲಿ 6.38 ಲಕ್ಷ. ಲೆಕ್ಕ ಹಾಕ್ರಿ, ಐದು ಮಂದಿಯಲ್ಲಿ ಒಬ್ಬರು ಇಲ್ಲ! ಬರದ ಕಾಮಗಾರಿಯಲ್ಲಿ ದುಡಿಯೋ ಗಂಡಾಳಿಗೆ ರಿಚರ್ಡ್ ಟೆಂಪಲ್ ಗೊತ್ತುಮಾಡಿದ್ದು ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದ್ರ ಅರ್ಧ ಕಿಲೋನೂ ಅಲ್ಲ, ಮೇಲೆ ಚಿಲ್ಲರೆ ಕಾಸು. 1877ರ ಜನವರಿ 1ಕ್ಕೆ ದಿಲ್ಲಿಯಲ್ಲಿ ಲಿಟ್ಟನ್ನನ ದರ್ಬಾರು ಭರ್ಜರಿಯಾಗೇ ನಡೀತು.

ಹಗೇವು ಇದ್ದವರು ಹಗೇವು ತೆಗೆದರು. ನಮ್ಮ ಕೇರಿಗಳಲ್ಲಿ ಹಗೇವು ಎಲ್ಲಿತ್ತು? ನಮ್ಮವರು ನಡೆದರು. ಬಹಳ ಮಂದಿ ನಿಜಾಮ ಸೀಮೆಗೆ ಹೋದರು. ಸಮುದ್ರ ನಮಗೆ ದೂರ. ಮದ್ರಾಸ್ ಬಂದರಿನ ದಾರಿ ಸಿಕ್ಕವರು, ಮೈಸೂರು ಸೀಮೆಯವರೂ ಸೇರಿ, ಹಡಗು ಹತ್ತಿದರು. ನೇಟಾಲಿಗೆ ಮೊದಲ ಕೂಲಿ ಹಡಗು ‘ಟ್ರೂರೋ’ 1860ರಲ್ಲೇ ಅಲ್ಲಿಂದ ಹೋಗಿತ್ತು. ಐದು ವರ್ಷದ ಕರಾರಿಗೆ ಹೆಬ್ಬೆಟ್ಟು. ‘ಅಗ್ರಿಮೆಂಟ್’ ಅನ್ನೋದು ಕೂಲಿಯವರ ಬಾಯಲ್ಲಿ ‘ಗಿರ್ಮಿಟ್’ ಆತು (ನಮ್ಮ ಚುರುಮುರಿ ಗಿರ್ಮಿಟ್ ಬೇರೆ ಬಿಡ್ರಿ). ಹಡಗಿನೊಳಗ ಕಾಲರಾ, ವಾಂತಿಭೇದಿ. 1884ರಲ್ಲಿ ಕಲ್ಕತ್ತಾದಿಂದ ಹೊರಟ ‘ಸಿರಿಯಾ’ ಫಿಜಿಯ ಬಂಡೆಗೆ ಬಡಿದು ಐವತ್ತಕ್ಕೂ ಹೆಚ್ಚು ಮಂದಿ ನೀರುಪಾಲಾದರು.

ಸಮುದ್ರ ದಾಟಿದರೆ ಜಾತಿ ಕೆಡುತ್ತೆ ಅಂತ ಹೆದರಿದವರಿದ್ದರು. ಕೆಡಲಿಕ್ಕೆ ಏನೂ ಇರದವರಿಗೆ ಎಂಥಾ ಕಾಲಾಪಾನಿ? ಹಡಗಿನಲ್ಲಿ ಜಾತಿಗೊಂದು ಒಲೆ ಹೂಡೋಕೆ ಆಗ್ತಿರಲಿಲ್ಲ, ಖರೆ. ಹಂಗಂತ ಅದನ್ನೇ ಬಿಡುಗಡೆ ಅಂತ ಹೊಗಳೋದು ನನಗೆ ಒಗ್ಗೋದಿಲ್ಲ. ಇಳಿದ ಮೇಲೆ ಕಾದಿದ್ದು ಕಬ್ಬಿನ ಹೊಲ, ಸರದಾರನ ಚಾಟಿ. ಬೆಲ್ಲದ ಪೇಟೆಯ ಊರಾಗ ಹುಟ್ಟಿದ ನನಗೆ ಇದು ಚುಚ್ಚುತ್ತೆ. ಮುಂಗಡ ತಗೊಂಡು ಮಕ್ಕಳು ಮರಿ ಕಟ್ಟಿಕೊಂಡು ಬರೋ ಕಬ್ಬು ಕಡಿಯೋ ಗ್ಯಾಂಗುಗಳನ್ನ ಇಲ್ಲಿ ಪ್ರತಿ ಹಂಗಾಮಿಗೂ ನೋಡ್ತೀನಿ.

ನೇಟಾಲಿನ ಹಡಗಿನ ಪಟ್ಟಿಗಳು ಇವತ್ತಿಗೂ ಉಳಿದಾವ. ಹೆಸರು, ಅಪ್ಪನ ಹೆಸರು, ವಯಸ್ಸು, ಊರು, ಜಾತಿ. ಆಳು ಎಣಿಸೋಕೆ ಬರೆದಿಟ್ಟ ಪಟ್ಟಿ ಅದು, ಪ್ರೀತಿಯಿಂದಲ್ಲ. ಆದರೂ ಡರ್ಬನ್ನಿನ ಮರಿಮಕ್ಕಳು ಅದರಾಗ ತಮ್ಮ ಮುತ್ತಜ್ಜನನ್ನ ಹುಡುಕಿಕೊಳ್ತಾರೆ. ನಮ್ಮ ಆಯಿ ಹೇಳ್ತಿದ್ಲು: “ದೊಡ್ಡ ಬರದಾಗ ನಮ್ಮ ಮನಿಯಾಂವ ಒಬ್ಬ ಮೂಡಲಕ ಹೋದಾಂವ ತಿರುಗಿ ಬರಲಿಲ್ಲ.” ಹೆಸರು ಕೇಳಿದರೆ ಆಕಿಗೂ ಗೊತ್ತಿರಲಿಲ್ಲ. ಮಣ್ಣಿನ ದಾರಿಯಲ್ಲಿ ನಡೆದು ಹೋದವರ ಪಟ್ಟಿ ಯಾರೂ ಬರೆಯಲಿಲ್ಲ.

ನಿಮ್ಮ ಮನೆಯಲ್ಲಿ ವಯಸ್ಸಾದವರು ಇದ್ದರೆ ಈ ವಾರ ಕೂತು ಕೇಳ್ರಿ: ಬರದಾಗ ಯಾರು ಹೋದರು, ಯಾವ ಕಡೆ ಹೋದರು. ಅರ್ಧ ಹೆಸರು ಸಿಕ್ಕರೂ ಸಾಕು, ಕೆಳಗೆ ಬರೀರಿ. ನಾನು ಒಂದು ವಹಿಯಲ್ಲಿ ಸೇರಿಸಿಡ್ತೀನಿ.